ಮೊದಲ ಸಲ ಪುಟ್ಟ ಕ್ಯಾಮೆರಾ, ಎರಡನೇ ಸಲ ದೊಡ್ಡದು: ವೀರಗಲ್ಲುಗಳ ಬೆನ್ನು ಹತ್ತಿದ ನನ್ನ ಅನುಭವ

ವೀರಗಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಹಾಗಾಗಿ ಅದರ ಫೋಟೋ ತೆಗೆಯಲು ಯಾವ ಕ್ಯಾಮೆರಾ ಆದರೂ ನಡೆಯುತ್ತದೆ ಅಂತ ಶುರುವಿನಲ್ಲಿ ಅಂದುಕೊಂಡಿದ್ದೆ. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ ಕಡೆಯ ಊರುಗಳನ್ನು ರಜೆ ಸಿಕ್ಕಾಗಲೆಲ್ಲ ಬೈಕಿನಲ್ಲಿ ಸುತ್ತುತ್ತೇನೆ. ಹೋರಾಡಿ ಸತ್ತವರ ನೆನಪಿನ ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಕಲ್ಲು, ಶಾಸನ, ಏನು ಸಿಕ್ಕರೂ ಫೋಟೋ ತೆಗೆದು ಊರಿನ ಹೆಸರಿನ ಜೊತೆ ಜೋಡಿಸಿ ಇಡುತ್ತೇನೆ. ಇದು ನನ್ನ ನೌಕರಿ ಅಲ್ಲ, ನಾನು ಇತಿಹಾಸ ಓದಿದವನೂ ಅಲ್ಲ. ಆದರೆ ಈ ಕಲ್ಲುಗಳ ಮೇಲೆ ಜೀವ. ಉದ್ರಿಯಂಥ ಒಂದೇ ಊರಿನಲ್ಲಿ ಎಷ್ಟೊಂದು ವೀರಗಲ್ಲುಗಳಿವೆ ಅಂತ ಒಮ್ಮೆ ನೋಡಿದರೆ ನಿಮಗೂ ಹಾಗೇ ಅನಿಸಬಹುದು.

ನನ್ನ ಹತ್ತಿರ ಎರಡು ಕ್ಯಾಮೆರಾ ಇವೆ. ಒಂದು ನಿಕಾನ್ ಡಿ7000, 2011ರಲ್ಲಿ ಕೊಂಡದ್ದು, ಜೊತೆಗೆ 18-105 ಲೆನ್ಸ್. ಇನ್ನೊಂದು ಸೋನಿ ಆರ್‌ಎಕ್ಸ್100, ಮೊದಲ ಮಾಡೆಲ್, ಗೆಳೆಯನೊಬ್ಬ ಹೊಸದು ತಗೊಂಡಾಗ ಅವನ ಹಳೆಯದು ನನಗೆ ಬಂತು. ಡಿ7000 ಬ್ಯಾಟರಿ, ಕಾರ್ಡ್ ಸೇರಿ 780 ಗ್ರಾಂ, ಲೆನ್ಸ್ 420 ಗ್ರಾಂ. ಅಂದರೆ ಕುತ್ತಿಗೆಗೆ ಒಂದು ಕೆಜಿ 200 ಗ್ರಾಂ. ಫ್ಲ್ಯಾಷ್, ಟ್ರೈಪಾಡ್ ಬೇರೆ. ಸೋನಿ ಎಲ್ಲ ಸೇರಿ 240 ಗ್ರಾಂ, ಅಂಗಿ ಜೇಬಿನಲ್ಲಿ ಕೂರುತ್ತದೆ.

ಮೊದಲ ನಾಲ್ಕು ವರ್ಷ ಡಿ7000 ಮಾತ್ರ ಇತ್ತು. ಆಗಿನ ಒಂದು ಘಟನೆ ಹೇಳಲೇಬೇಕು. ಆನವಟ್ಟಿ ಕಡೆಯ ಒಂದು ಊರಿನಲ್ಲಿ, ಊರಾಚೆಯ ಹುಣಸೆಮರದ ಕೆಳಗೆ ಅರ್ಧ ಹೂತ ಕಲ್ಲೊಂದು ಕಂಡಿತು. ಟ್ರೈಪಾಡ್ ನಿಲ್ಲಿಸಿ, ಬ್ಯಾಗ್ ಬಿಚ್ಚಿ, ಫ್ಲ್ಯಾಷ್ ಜೋಡಿಸುತ್ತಾ ಕೂತಿದ್ದೆ. ಹತ್ತು ನಿಮಿಷದಲ್ಲಿ ಎಂಟು ಜನ ಸೇರಿದರು. ಒಬ್ಬ ಅಜ್ಜ ನೇರವಾಗಿಯೇ ಕೇಳಿದರು, "ಯಾರಪ್ಪಾ ನೀವು? ನಿಧಿ ತೆಗಿಯಾಕ ಬಂದೀರೇನು?" ಅವರ ತಪ್ಪಿಲ್ಲ. ಈ ಕಡೆ ನಿಧಿ ಆಸೆಗೆ ಹಳೆಯ ಕಲ್ಲುಗಳ ಬುಡ ಅಗೆದು, ಒಡೆದು ಹೋಗುವವರು ಇದ್ದಾರೆ. ಅಜ್ಜ ತಮ್ಮ ಊರಿನ ಕಲ್ಲನ್ನು ಕಾಯುತ್ತಿದ್ದರು. ನಾನು ಏನು ಹೇಳಿದರೂ ಆ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ನನ್ನ ಮಾತನ್ನು ನಂಬಲು ಬಿಡಲಿಲ್ಲ. ಫೋಟೋ ಆಗಲಿಲ್ಲ. ಚಹಾ ಕುಡಿಸಿ ಕಳಿಸಿದರು, ಅಷ್ಟೇ.

ಸೋನಿ ಬಂದ ಮೇಲೆ ಅದೇ ಊರಿಗೆ ಹೋದೆ. ಈ ಸಲ ಮೊದಲು ಅಜ್ಜನ ಮನೆಗೇ ಹೋಗಿ ಕೂತೆ, ಪುಟ್ಟ ಕ್ಯಾಮೆರಾದಲ್ಲಿ ಬೇರೆ ಊರುಗಳ ವೀರಗಲ್ಲು ತೋರಿಸಿದೆ. ಕೆಳಗಿನ ಹಂತದಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಅಜ್ಜ ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದರು. ಆಮೇಲೆ ಅವರೇ ಕುಡುಗೋಲು ಹಿಡಿದು ಬಂದು ಕಲ್ಲಿನ ಸುತ್ತ ಬೆಳೆದ ಗಿಡ ಸವರಿದರು, ಇನ್ನೂ ಎರಡು ಕಲ್ಲು ಇರುವ ಜಾಗ ತೋರಿಸಿದರು.

ಇದನ್ನು ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ಕ್ಯಾಮೆರಾ ಆಯ್ಕೆಯ ಬಗ್ಗೆ ಕೇಳುವ ಎಲ್ಲರೂ ಮೊದಲು ಮೆಗಾಪಿಕ್ಸೆಲ್ ಕೇಳುತ್ತಾರೆ. ಡಿ7000ನಲ್ಲಿ 16, ಸೋನಿಯಲ್ಲಿ 20. ಅಂದರೆ ಪುಟ್ಟದರಲ್ಲೇ ಜಾಸ್ತಿ. ಅದರಿಂದ ಏನೂ ಗೊತ್ತಾಗುವುದಿಲ್ಲ. ಯಾವ ಕ್ಯಾಮೆರಾ ಹಿಡಿದು ನಿಂತಾಗ ಎದುರಿನವರು ನಿಮ್ಮ ಜೊತೆ ಮಾತಾಡುತ್ತಾರೆ ಅನ್ನುವುದು ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ವಿಷಯ. ಮದುವೆ ಮನೆಯಲ್ಲಿ ಇದು ಉಲ್ಟಾ ಇರಬಹುದು, ಅಲ್ಲಿ ದೊಡ್ಡ ಕ್ಯಾಮೆರಾ ಕಂಡರೆ ಜನ ತಾವೇ ಜಾಗ ಬಿಡುತ್ತಾರೆ.

ಈಗ ಸೆನ್ಸರ್, ಅಂದರೆ ಕ್ಯಾಮೆರಾದ ಒಳಗೆ ಬೆಳಕನ್ನು ಹಿಡಿಯುವ ಫಲಕದ ವಿಷಯ. ಸಾಮಾನ್ಯ ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿ ಇರುವ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. ಸೋನಿಯದು 13.2 ಗುಣಿಸು 8.8, ಅಂದರೆ 116. ಡಿ7000ನದು 23.6 ಗುಣಿಸು 15.6, ಅಂದರೆ 368. ದೊಡ್ಡ ಸೆನ್ಸರ್ ಅಂದರೆ ಜಾಸ್ತಿ ಬೆಳಕು, ಕಡಿಮೆ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು). ಇದು ಎಲ್ಲರಿಗೂ ಗೊತ್ತು. ಆದರೆ ಕಲ್ಲಿನ ಕೆಲಸದಲ್ಲಿ ಒಂದು ತಿರುವು ಇದೆ, ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ತುಂಬಾ ದಿನ ಹಿಡಿಯಿತು.

ಕೆತ್ತನೆಯ ಉಬ್ಬು, ತಗ್ಗು ಎರಡೂ ಫೋಕಸ್‌ನಲ್ಲಿ ಇರಬೇಕು. ಹಿನ್ನೆಲೆ ಮಸುಕಾಗಿಸುವ ಆಸೆ ಇಲ್ಲಿ ಇಲ್ಲವೇ ಇಲ್ಲ. ಎಫ್ ಸಂಖ್ಯೆ ಅಂದರೆ ಲೆನ್ಸ್ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು. ಸೋನಿಯಲ್ಲಿ ಎಫ್/4 ಇಟ್ಟರೆ ಎಷ್ಟು ಆಳದವರೆಗೆ ಸ್ಪಷ್ಟವಾಗಿ ಬರುತ್ತದೋ, ಅಷ್ಟೇ ಆಳ ಡಿ7000ನಲ್ಲಿ ಬರಲು ಎಫ್/7.1 ಇಡಬೇಕು. ಆಗ ಲೆನ್ಸ್ ಕಿಂಡಿ ಚಿಕ್ಕದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಮರದ ನೆರಳಿನಲ್ಲಿ ಸೋನಿ 1/60 ಸೆಕೆಂಡಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದರೆ ನಾಯ್ಸ್ ಹೆಚ್ಚು) 400 ಕೇಳಿದರೆ, ಅದೇ ವೇಗಕ್ಕೆ ಡಿ7000 ಐಎಸ್‌ಒ 1250 ಕೇಳುತ್ತದೆ. ಎರಡೂ ಫೋಟೋಗಳನ್ನು ಕಂಪ್ಯೂಟರ್‌ನಲ್ಲಿ ಪಕ್ಕಪಕ್ಕ ಇಟ್ಟರೆ ನಾಯ್ಸ್ ಹೆಚ್ಚುಕಡಿಮೆ ಒಂದೇ. ದೊಡ್ಡ ಸೆನ್ಸರ್‌ನ ಲಾಭ ಕೈಯಲ್ಲಿ ಹಿಡಿದು ತೆಗೆಯುವಾಗ ಅಲ್ಲಿಗಲ್ಲಿಗೆ ಸಮ ಆಗಿಬಿಡುತ್ತದೆ. ಆ ಲಾಭ ಬೇಕು ಅಂದರೆ ಟ್ರೈಪಾಡ್ ಮೇಲೆ ಐಎಸ್‌ಒ 100ರಲ್ಲಿ ನಿಧಾನವಾಗಿ ತೆಗೆಯಬೇಕು. ಪುರಾತತ್ವ ಇಲಾಖೆಯ ರಕ್ಷಿತ ಜಾಗಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಪಡೆಯಬೇಕು ಅನ್ನುವುದು ನೆನಪಿರಲಿ.

ಮೊಬೈಲ್ ಸಾಲದೇ ಅಂತ ಕೇಳುವವರಿಗೆ: ಕಲ್ಲು ಎಲ್ಲಿದೆ ಅಂತ ಗುರುತಿಡಲು ಸಾಕು. ಅಕ್ಷರ ಓದಲು ನಾನು ನಂಬುವುದಿಲ್ಲ. ಮೊಬೈಲ್ ತಾನೇ ನಾಯ್ಸ್ ಉಜ್ಜಿ, ಅಂಚು ತೀಡಿ ಫೋಟೋ ಚಂದ ಮಾಡುತ್ತದೆ. ಸವೆದ ಅಕ್ಷರದ ತೆಳು ಗೆರೆ ಆ ಉಜ್ಜಾಟದಲ್ಲಿ ಹೋಗಿಬಿಡುತ್ತದೆ, ಕಲ್ಲಿನ ಬಿರುಕು ಅಕ್ಷರದ ಹಾಗೆ ಎದ್ದು ಕಾಣುತ್ತದೆ. ಒಮ್ಮೆ ಹೀಗೇ ಇಲ್ಲದ ಒತ್ತಕ್ಷರ ಓದಿ ಮೂರು ದಿನ ತಲೆ ಕೆಡಿಸಿಕೊಂಡಿದ್ದೇನೆ. ನನ್ನ ಎರಡೂ ಕ್ಯಾಮೆರಾಗಳಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ಉಜ್ಜಿ ತೀಡದ ಮೂಲ ಫೈಲ್ ಸಿಗುತ್ತದೆ. ಸೋನಿ ತಗೊಳ್ಳಲು ಇದೇ ಮುಖ್ಯ ಕಾರಣ, ಜೇಬಿಗೆ ಹಿಡಿಯುವ ಎಷ್ಟೋ ಕ್ಯಾಮೆರಾಗಳಲ್ಲಿ ರಾ ಇರಲಿಲ್ಲ.

ಹಾಗಾದರೆ ಡಿ7000 ಮಾರಿಬಿಡಬಹುದಲ್ವಾ? ನಾನೂ ಹಾಗೇ ಅಂದುಕೊಂಡು ಒಬ್ಬರಿಗೆ ಮಾತು ಕೊಡುವುದರಲ್ಲಿದ್ದೆ. ಆಗ ಶಿಕಾರಿಪುರ ಕಡೆ ಒಂದು ಕಲ್ಲು ಸಿಕ್ಕಿತು. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹ ಇತ್ತು, ಪೂರ್ತಿ ಸವೆದಿತ್ತು. ಬೆರಳಾಡಿಸಿದರೆ ಅಕ್ಷರ ಇದೆ ಅಂತ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಡುಮಧ್ಯಾಹ್ನದ ಬಿಸಿಲು ಬೇರೆ. ಸೋನಿಯಲ್ಲಿ ವ್ಯೂಫೈಂಡರ್ ಇಲ್ಲ, ಬಿಸಿಲಿನಲ್ಲಿ ಪರದೆ ನೋಡಿದರೆ ನನ್ನ ಮುಖವೇ ಕಾಣುತ್ತದೆ. ಅದರ ಪುಟ್ಟ ಫ್ಲ್ಯಾಷ್ ಎದುರಿನಿಂದಲೇ ಹೊಡೆಯುವುದರಿಂದ ಕಲ್ಲು ಗೋಡೆಯ ಹಾಗೆ ಚಪ್ಪಟೆ ಬರುತ್ತದೆ. ಹೊರಗಿನ ಫ್ಲ್ಯಾಷ್ ಜೋಡಿಸಲು ಆ ಮಾಡೆಲ್‌ನಲ್ಲಿ ಜಾಗವೇ ಇಲ್ಲ.

ಸವೆದ ಅಕ್ಷರಕ್ಕೆ ಬೇಕಾದದ್ದು ಪಕ್ಕದಿಂದ ಸವರಿಕೊಂಡು ಹೋಗುವ ಬೆಳಕು. ಕಲ್ಲಿನ ಮೈಗೆ ಹತ್ತು ಹದಿನೈದು ಡಿಗ್ರಿ ಕೋನದಲ್ಲಿ ಬೆಳಕು ಬಿದ್ದರೆ ಪ್ರತಿ ತಗ್ಗಿನಲ್ಲೂ ನೆರಳು ತುಂಬಿಕೊಳ್ಳುತ್ತದೆ, ಅಕ್ಷರ ಎದ್ದು ಬರುತ್ತದೆ. ಅದಕ್ಕೇ ಡಿ7000 ಬೇಕಾಯಿತು. ಅದರ ಮೇಲಿನ ಪುಟ್ಟ ಫ್ಲ್ಯಾಷ್ ದೂರದಲ್ಲಿ ಇಟ್ಟ ಇನ್ನೊಂದು ಫ್ಲ್ಯಾಷ್‌ಗೆ ತಂತಿ ಇಲ್ಲದೆ ಸಂಕೇತ ಕಳಿಸುತ್ತದೆ. ನನ್ನದು ಹಳೆಯ ಎಸ್‌ಬಿ-600. ಸಂಜೆ ಬೆಳಕು ಇಳಿದ ಮೇಲೆ, ಎಫ್/8, 1/200, ಐಎಸ್‌ಒ 100 ಇಟ್ಟು, ಅಕ್ಕನ ಮಗ ಫ್ಲ್ಯಾಷ್ ಹಿಡಿದು ಎಡಗಡೆ ಕೂತ. "ಮಾವ, ಇನ್ನೂ ಕೆಳಗಾ?" ಅಂತ ಕೇಳುತ್ತಾ ಒಂದೊಂದು ಅಂಗುಲ ಸರಿಸುತ್ತಾ ಹೋದ. ಒಂದು ಎಡದಿಂದ, ಒಂದು ಬಲದಿಂದ, ಒಂದು ಮೇಲಿನಿಂದ. ಎಡದಿಂದ ಬೆಳಕು ಬಿದ್ದಾಗ ಕಾಣದ ಅಡ್ಡ ಗೆರೆಗಳು ಮೇಲಿನ ಬೆಳಕಿನಲ್ಲಿ ಕಂಡವು. ಫ್ಲ್ಯಾಷ್ ಕಲ್ಲಿನ ಮೂಲೆಯ ಹಿಂದೆ ಮರೆಯಾದರೆ ಸಂಕೇತ ತಲುಪುವುದಿಲ್ಲ, ಸುಮ್ನೆ ಕೂತುಬಿಡುತ್ತದೆ. ಕ್ಯಾಮೆರಾಗೆ ಅದರ ಕಣ್ಣು ಕಾಣುವಂತೆ ತಿರುಗಿಸಿ ಇಡಬೇಕು.

ಮನೆಗೆ ಬಂದು ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ ತೆರೆದು ಹುಡುಕಿದೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ, ಸೊರಬದ್ದು 8ರಲ್ಲಿ. ಅಚ್ಚಾದ ಪಾಠವನ್ನು ಫೋಟೋದ ಪಕ್ಕ ಇಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾ ರಾತ್ರಿ ಒಂದೂವರೆ ಆಯಿತು. ಸಾಲಿನ ಕೊನೆಯಲ್ಲಿ ವೀರನ ಹೆಸರಿನ ಎರಡು ಅಕ್ಷರ ನನ್ನ ಫೋಟೋದಲ್ಲಿ ಕಂಡಾಗ ಆದ ಸಂತೋಷ ಹೇಳಲು ಆಗುವುದಿಲ್ಲ. ಡಿ7000 ಮಾರುವ ಮಾತು ಅಲ್ಲಿಗೇ ನಿಂತಿತು.

ಫ್ಲ್ಯಾಷ್ ಇಲ್ಲದವರಿಗೆ ಒಂದು ದಾರಿ ಇದೆ, ಕನ್ನಡಿ. ಫ್ರೇಮ್ ಹಾಕುವ ಅಂಗಡಿಯಲ್ಲಿ ಒಂದಡಿ, ಒಂದೂವರೆ ಅಡಿಯ ಕನ್ನಡಿ ಕತ್ತರಿಸಿ ಕೊಡುತ್ತಾರೆ. ಕಲ್ಲು ನೆರಳಿನಲ್ಲಿ ಇರಬೇಕು, ಕನ್ನಡಿ ಹಿಡಿದವರು ಬಿಸಿಲಿನಲ್ಲಿ ನಿಂತು ಬೆಳಕನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಬೇಕು. ನೆರಳು ಇಲ್ಲದಿದ್ದರೆ ಕಂಬಳಿಯೋ ಛತ್ರಿಯೋ ಹಿಡಿದು ನೆರಳು ಮಾಡಿಕೊಳ್ಳಿ. ಇದು ಜೇಬಿನ ಕ್ಯಾಮೆರಾದಲ್ಲೂ ನಡೆಯುತ್ತದೆ. ಅಕ್ಷರಕ್ಕೆ ಸೀಮೆಸುಣ್ಣ, ಹಿಟ್ಟು ಉಜ್ಜುವುದು ಮಾತ್ರ ದಯವಿಟ್ಟು ಬೇಡ. ಉಜ್ಜಿದವರು ತಾವು ಓದಿದ್ದನ್ನೇ ಬರೆದಿರುತ್ತಾರೆ, ಮುಂದಿನವರಿಗೆ ಕಲ್ಲು ಕಾಣುವುದಿಲ್ಲ.

ದೂಳಿನ ವಿಷಯದಲ್ಲಿ ಪುಟ್ಟ ಕ್ಯಾಮೆರಾ ನನಗೆ ಪೆಟ್ಟು ಕೊಟ್ಟಿದೆ. ಪ್ಯಾಂಟ್ ಜೇಬಿನಲ್ಲಿ ಹಾಗೇ ಇಟ್ಟುಕೊಂಡು ಬೇಸಿಗೆಯಲ್ಲಿ ಮಣ್ಣು ರಸ್ತೆಯಲ್ಲಿ ಓಡಾಡಿದೆ. ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳುತ್ತದೆ. ಒಂದು ದಿನ ಎಲ್ಲ ಫೋಟೋಗಳಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ. ಡಿ7000 ಆಗಿದ್ದರೆ ಲೆನ್ಸ್ ಬಿಚ್ಚಿ, ಕ್ಯಾಮೆರಾ ಒಳಗಿನ ಕನ್ನಡಿ ಮೇಲೆತ್ತಿ ನಿಲ್ಲಿಸಿ, ಬ್ಲೋವರ್‌ನಿಂದ ಎರಡು ಸಲ ಊದಿದರೆ ಮುಗಿಯುತ್ತಿತ್ತು. ಸೋನಿಯನ್ನು ಪೂರ್ತಿ ಬಿಚ್ಚದೆ ಸೆನ್ಸರ್ ತನಕ ಹೋಗಲು ಆಗುವುದಿಲ್ಲ. ರಿಪೇರಿಗೆ ಕೊಟ್ಟು ಇಪ್ಪತ್ತು ದಿನ ಕಾದೆ. ಈಗ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಯೇ ಜೇಬಿಗೆ ಇಳಿಸುವುದು. ಬ್ಯಾಟರಿಯೂ ಅಷ್ಟೇ, ಕಂಪನಿಯವರ ಲೆಕ್ಕದಲ್ಲೇ ಸೋನಿಗೆ 330 ಫೋಟೋ, ಡಿ7000ಗೆ 1050. ಎರಡು ಹೆಚ್ಚಿನ ಬ್ಯಾಟರಿ ಇಲ್ಲದೆ ಹೊರಡಬೇಡಿ.

ಹಕ್ಕಿ ತೆಗೆಯುವವರಾದರೆ ಈ ಚರ್ಚೆಯೇ ಬೇಡ. ಗುಡವಿ ಪಕ್ಷಿಧಾಮ ನಮ್ಮ ಸೊರಬ ತಾಲ್ಲೂಕಿನಲ್ಲೇ ಇದೆ, ಅಲ್ಲಿಗೆ ಸೋನಿ ಒಯ್ದು ನೋಡಿದ್ದೇನೆ. ಅದರ ಜೂಮ್ 100 ಮಿಲಿಮೀಟರ್‌ಗೆ ನಿಲ್ಲುತ್ತದೆ, ಮರದ ತುಂಬ ಬಿಳಿ ಚುಕ್ಕೆ ಬರುತ್ತವೆ. ಡಿ7000ಗೆ 70-300 ಲೆನ್ಸ್ ಹಾಕಿದರೆ, ಅದೇ ಲೆಕ್ಕದಲ್ಲಿ 450 ಮಿಲಿಮೀಟರ್‌ನಷ್ಟು ಹತ್ತಿರ ಸಿಗುತ್ತದೆ, ಹಕ್ಕಿ ಹಾರಿದರೆ ಫೋಕಸ್ ಅದರ ಹಿಂದೆ ಓಡುತ್ತದೆ.

ನನ್ನ ಕೆಲಸಕ್ಕೆ ನಾನು ಮಾಡಿಕೊಂಡ ಪದ್ಧತಿ ಇಷ್ಟು. ಮೊದಲ ಭೇಟಿಗೆ ಸೋನಿ. ಜನರ ಜೊತೆ ಮಾತು, ಜಾಗ ಹುಡುಕಾಟ, ಒಂದೆರಡು ಫೋಟೋ. ಬರಹ ಇರುವ ಕಲ್ಲು ಸಿಕ್ಕರೆ ಊರವರಿಗೆ ಹೇಳಿ, ದಿನ ಗೊತ್ತು ಮಾಡಿ, ಸಂಜೆ ಹೊತ್ತಿಗೆ ಡಿ7000, ಫ್ಲ್ಯಾಷ್, ಟ್ರೈಪಾಡ್ ಜೊತೆ ಎರಡನೇ ಭೇಟಿ. ಹುಡುಕುವುದು ಪುಟ್ಟದು, ಓದುವುದು ದೊಡ್ಡದು. ಮೂರು ವರ್ಷ ಇದು ಚೆನ್ನಾಗಿಯೇ ನಡೆಯಿತು.

ಆಮೇಲೆ ಒಂದು ಕೆರೆ ಏರಿಯ ಕಲ್ಲು. ಮಳೆಗಾಲ ಮುಗಿಯುವ ಹೊತ್ತಿಗೆ ನೋಡಿದ್ದೆ, ನಾಲ್ಕು ಸಾಲು ಬರಹ, ಕೆಳಗಿನ ಸಾಲು ಹುಲ್ಲಿನಲ್ಲಿ ಮುಳುಗಿತ್ತು. ಹೇಗೂ ಮತ್ತೆ ಬರುತ್ತೇನೆ ಅಂತ ಸೋನಿಯಲ್ಲಿ ಆರು ಫೋಟೋ ತೆಗೆದು ಬಂದೆ. ದೀಪಾವಳಿ ಕಳೆದು ಹೋಗುವಷ್ಟರಲ್ಲಿ ಊರವರು ಅದಕ್ಕೆ ಕಟ್ಟೆ ಕಟ್ಟಿ, ಕಲ್ಲಿಗೆ ಪೂರ್ತಿ ಆಯಿಲ್ ಪೇಂಟ್ ಬಳಿದಿದ್ದರು. ಭಕ್ತಿಯಿಂದ ಮಾಡಿದ ಕೆಲಸ, ಬಣ್ಣ ದಪ್ಪಗೆ ಅಕ್ಷರಗಳ ಒಳಗೆ ಇಳಿದಿತ್ತು, ಕೊನೆಯ ಸಾಲು ಸಿಮೆಂಟಿನ ಕೆಳಗೆ ಹೋಗಿತ್ತು. ಟ್ರೈಪಾಡ್ ಬ್ಯಾಗಿನಿಂದ ತೆಗೆಯಲೂ ಇಲ್ಲ. ಸಂಪುಟಗಳಲ್ಲಿ ಹುಡುಕಿದೆ, ಆ ಕಲ್ಲು ನನಗೆ ಸಿಗಲಿಲ್ಲ. ಮೊದಲ ಮೂರು ಸಾಲನ್ನು ಸೋನಿಯ ಫೋಟೋದಿಂದ ಅರ್ಧಂಬರ್ಧ ಓದಲು ಆಗುತ್ತದೆ.

ಈಗ ಮೊದಲ ಭೇಟಿಯಲ್ಲೇ ಹುಲ್ಲು ಕೀಳುತ್ತೇನೆ, ಬುಡದ ಮಣ್ಣನ್ನು ಊರವರನ್ನು ಕೇಳಿ ಕೈಯಿಂದ ಸರಿಸುತ್ತೇನೆ, ಇಡೀ ಕಲ್ಲಿನ ಫೋಟೋ ಆದ ಮೇಲೆ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ, ಎಡದ ಬೆಳಕಿನಲ್ಲಿ ಒಂದು, ಬಲದ ಬೆಳಕಿನಲ್ಲಿ ಒಂದು ತೆಗೆಯುತ್ತೇನೆ. ಕನ್ನಡಿ ಹಳೆಯ ಟವೆಲ್‌ನಲ್ಲಿ ಸುತ್ತಿ ಬೈಕಿನ ಚೀಲದಲ್ಲೇ ಇರುತ್ತದೆ.