ಹೀರೋನಾ, ವಿಲನ್ನಾ? ನಾನು ಕ್ಲಾಸಿನಲ್ಲಿ ಮಾಡುವುದು ಹೀಗೆ

"ಟಿಪ್ಪು ಹೀರೋನಾ, ವಿಲನ್ನಾ ಸರ್?" ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ನಿಲ್ಲಿಸಿತು. ಆಮೇಲೆ ಇನ್ನೂ ಜಾಸ್ತಿ. ಕೇಳುವ ಮಕ್ಕಳ ಹತ್ತಿರ ಉತ್ತರ ಮೊದಲೇ ಇರುತ್ತದೆ. ಮೇಷ್ಟ್ರು ಯಾವ ಕಡೆ ಅಂತ ಗೊತ್ತಾಗಬೇಕು, ಅಷ್ಟೇ.

ಅದಕ್ಕೆ ನಾನು ಟಿಪ್ಪುವಿನಿಂದ ಶುರು ಮಾಡುವುದೇ ಇಲ್ಲ. ನಮ್ಮದು ಹೊಸನಗರ ತಾಲ್ಲೂಕು. ನಗರದ ಕೋಟೆ ಇಲ್ಲೇ ಇದೆ. ಮೊದಲು ಅಲ್ಲಿಗೆ, 1763ಕ್ಕೆ ಹೋಗುತ್ತೇವೆ.

ನಗರ ಆಗಿನ ಬಿದನೂರು, ಕೆಳದಿ ಅರಸರ ರಾಜಧಾನಿ. ಘಟ್ಟದ ಮೆಣಸು, ಅಡಿಕೆ, ಅಕ್ಕಿ ಕರಾವಳಿಗೆ ಇಳಿಯುವ ದಾರಿಯ ಮೇಲಿದ್ದ ಶ್ರೀಮಂತ ಊರು. ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಸಿಂಹಾಸನ ತನ್ನದು ಅಂತ ಒಬ್ಬ ಹುಡುಗ ಟಿಪ್ಪುವಿನ ಅಪ್ಪ ಹೈದರ್ ಅಲಿಯ ಹತ್ತಿರ ಹೋದ. ನ್ಯಾಯ ಕೊಡಿಸುತ್ತೇನೆ ಅಂತ ಹೈದರ್ ದಂಡು ತಂದ. ರಾಣಿ ಅರಮನೆಗೆ ಬೆಂಕಿ ಇಡಿಸಿ ತಪ್ಪಿಸಿಕೊಂಡಳು, ಆಮೇಲೆ ಸಿಕ್ಕಿಬಿದ್ದಳು. ಅವಳನ್ನು ಮಧುಗಿರಿ ಕೋಟೆಯಲ್ಲಿಟ್ಟರು. ನ್ಯಾಯ ಕೇಳಿ ಬಂದ ಹುಡುಗನನ್ನೂ ಅಲ್ಲಿಗೇ ಕಳಿಸಿದರು! ಊರು ಮಾತ್ರ ಹೈದರನಿಗೆ. ಹೆಸರೂ ಹೈದರ್ ನಗರ ಆಯಿತು.

ಇಲ್ಲಿಗೆ ಮಕ್ಕಳು "ವಿಲನ್" ಅಂತ ಬರೆದುಕೊಂಡಾಗಿರುತ್ತದೆ. ಆಗ ಹೈದರನ ಚಿನ್ನದ ವರಹದ ಫೋಟೋ ಬೆಂಚಿಂದ ಬೆಂಚಿಗೆ ಕಳಿಸುತ್ತೇನೆ. ಒಂದು ಕಡೆ ಶಿವ ಪಾರ್ವತಿ ಕೂತಿದ್ದಾರೆ. ಇನ್ನೊಂದು ಕಡೆ ಚುಕ್ಕಿಗಳ ನಡುವೆ ಒಂದು ಪಾರ್ಸಿ (ಪರ್ಷಿಯನ್) ಅಕ್ಷರ, ಹೈದರನ ಹೆಸರಿನ ಮೊದಲ ಅಕ್ಷರ. ಒಂದು ಸಲ ಒಬ್ಬಳು ಕೇಳಿದಳು: "ಹಾಗಾದ್ರೆ ಒಳ್ಳೆಯವನಾ ಸರ್?" ಹಿಂದಿನ ಬೆಂಚಿನ ಹುಡುಗ ನನಗಿಂತ ಮೊದಲು ಬಾಯಿ ಹಾಕಿದ: "ಇಲ್ಲ ಮಾರಾಯ್ತಿ, ಮಂಡಿಯವರು ಹಳೇ ಗುರುತು ಇದ್ರೇನೇ ದುಡ್ಡು ತಗೊಳ್ಳೋದು." ಅವರಪ್ಪನಿಗೆ ಅಡಿಕೆ ವ್ಯಾಪಾರ. ಅವನು ಹೇಳಿದ್ದು ಪೂರ್ತಿ ಉತ್ತರ ಅಲ್ಲ. ಆದರೆ ನಾಣ್ಯ ನೋಡಿ ಒಳ್ಳೆಯವನಾ ಕೆಟ್ಟವನಾ ಅಂತ ಹೇಳೋಕಾಗಲ್ಲ ಅನ್ನುವುದು ಎಲ್ಲರಿಗೂ ಹೊಳೆಯಿತು.

ಮುಂದಿನದ್ದು ನನಗೆ ತುಂಬ ಇಷ್ಟದ ಭಾಗ. ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ಪ್ರತಿನಿಧಿ ಆಗಿದ್ದ ಮಾರ್ಕ್ ವಿಲ್ಕ್ಸ್ ವೀರಮ್ಮಾಜಿಯ ನಡತೆ ಬಗ್ಗೆ ಕೊಳಕಾಗಿ ಬರೆದಿದ್ದಾನೆ. ಅದನ್ನು ಹೇಳಿದರೆ ಸಾಕು, ಕ್ಲಾಸಿಗೆ ಕ್ಲಾಸೇ ಸಿಟ್ಟಾಗುತ್ತದೆ. "ಸೋತವರ ಬಗ್ಗೆ ಹಾಗೇ ಬರೀತಾರೆ ಸರ್, ಸುಳ್ಳು." ಸರಿ ಅನ್ನುತ್ತೇನೆ. ಅದೇ ವಿಲ್ಕ್ಸ್, ಅದೇ ಲೇಖನಿಯಿಂದ, ಟಿಪ್ಪುವಿನ ಕ್ರೌರ್ಯದ ಬಗ್ಗೆ ಬರೆದಿದ್ದಾನಲ್ಲ, ಅದು? ಅರ್ಧ ಕ್ಲಾಸು "ನಿಜ" ಅನ್ನುತ್ತದೆ, ಇನ್ನರ್ಧ "ಸುಳ್ಳು". ಯಾಕೆ ಅಂತ ಕೇಳಿದರೆ ಎರಡೂ ಕಡೆ ಗಪ್ ಚುಪ್. ಎಲ್ಲರ ಭತ್ತವನ್ನೂ ಒಂದೇ ಕೊಳಗದಲ್ಲಿ ಅಳೆಯಬೇಕು, ಅಲ್ವಾ?

ಆಮೇಲೆ ಬೋರ್ಡಿನ ಮೇಲೆ ಮೂರು ಕಾಲಂ. ಏನಾಯಿತು, ಯಾರು ಹೇಳಿದರು, ಹೇಳಿದವರಿಗೆ ಏನು ಲಾಭ. ಟಿಪ್ಪುವಿನ ಸರದಿ ಬರುವುದು ಈಗ. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿತು. ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆಸಿದ. ಶಾರದೆಯನ್ನು ಮತ್ತೆ ಪ್ರತಿಷ್ಠೆ ಮಾಡಲು 200 ರಾಹತಿ (ಆಗಿನ ನಾಣ್ಯ) ನಗದು, ಬೇರೆ ಸಾಮಾನು ಕೊಡು ಅಂತ ಅಪ್ಪಣೆ ಹೋದದ್ದು ನಮ್ಮ ಬಿದನೂರಿನ ಆಸಫನಿಗೇ, ಅಂದರೆ ಟಿಪ್ಪುವಿನ ಪ್ರಾಂತ್ಯಾಧಿಕಾರಿಗೇ. ಈ ಕಾಗದಗಳು ಮಠದಲ್ಲೇ ಇದ್ದವು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಮಠಕ್ಕೆ ಸುಳ್ಳು ಕಾಗದ ಇಟ್ಟುಕೊಂಡು ಆಗಬೇಕಾದ್ದೇನೂ ಇರಲಿಲ್ಲ. ನಂಬುತ್ತೇವೆ.

ಈಗ ಕೊಡಗು. ಅಲ್ಲಿಂದ ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಮತಾಂತರ ಮಾಡಿದ್ದನ್ನು ಇಂಗ್ಲಿಷರಷ್ಟೇ ಹೇಳಿದ್ದಲ್ಲ. ಹೈದರ್, ಟಿಪ್ಪು ಇಬ್ಬರನ್ನೂ ಹೊಗಳಿ ಪಾರ್ಸಿಯಲ್ಲಿ ಬರೆದ ಕಿರ್ಮಾನಿ ಕೂಡ ಸಾವಿರಗಟ್ಟಲೆ ಜನರನ್ನು ಹಿಡಿದದ್ದನ್ನು ದೊಡ್ಡಸ್ತಿಕೆಯಿಂದಲೇ ಹೇಳುತ್ತಾನೆ. ಎಷ್ಟು ಜನ ಅನ್ನುವುದಕ್ಕೆ ಇತಿಹಾಸಕಾರರಲ್ಲಿ ಜಗಳ ಇದೆ, ನಡೆದದ್ದಕ್ಕೆ ಇಲ್ಲ. 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರದ್ದೂ ಇದೇ ಪಾಡು. ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವ ಆರೋಪ ಇತ್ತು. ಆದರೆ ಊರಿಗೆ ಊರನ್ನೇ, ಮಕ್ಕಳು ಮರಿ ಸಮೇತ ಎಬ್ಬಿಸುವುದಕ್ಕೆ ಅದು ಕಾರಣವೇ ಅಲ್ಲ. ಇದು ನನ್ನ ಅಭಿಪ್ರಾಯ, ಕ್ಲಾಸಿನಲ್ಲಿ ಮುಚ್ಚಿಡುವುದಿಲ್ಲ.

ಶೃಂಗೇರಿಗೆ ಕೊಟ್ಟದ್ದು ಕೊಡಗಿನ ಲೆಕ್ಕಕ್ಕೆ ಜಮಾ ಆಗುವುದಿಲ್ಲ. ಕೊಡಗಿನದ್ದನ್ನು ತೋರಿಸಿ ಶೃಂಗೇರಿಯ ಕಾಗದ ಹರಿಯುವುದಕ್ಕೂ ಬರುವುದಿಲ್ಲ. ಕಂಪನಿ ಜೊತೆ ಕೊನೆತನಕ ಕಾದಾಡಿ 1799ರ ಮೇ 4ರಂದು ಸತ್ತದ್ದು ಇನ್ನೊಂದು ಸಾಲು. ಮೂರೂ ಬೋರ್ಡಿನ ಮೇಲೆ ಹಾಗೇ ಇರಲಿ ಅನ್ನುತ್ತೇನೆ. ಕೆಲವು ಮಕ್ಕಳಿಗೆ ಇದು ಸಮಾಧಾನ ಆಗುವುದಿಲ್ಲ, ಒಂದೇ ಶಬ್ದ ಬೇಕು. ಪೋಷಕರಿಗಂತೂ ಇನ್ನೂ. "ನೀವು ಯಾವ ಪಾರ್ಟಿ ಮೇಷ್ಟ್ರೇ?" ಅಂತ ಒಬ್ಬರು ಬಸ್‌ಸ್ಟ್ಯಾಂಡಿನಲ್ಲೇ ಕೇಳಿದ್ದರು. ಮಗನ ನೋಟ್‌ಬುಕ್ ನೋಡಿ ಅಂದೆ.

ಈ ವರ್ಷ ಧೋಂಡಿಯ ವಾಘ್‌ನನ್ನು ತೆಗೆದುಕೊಂಡಿದ್ದೇವೆ. ಚನ್ನಗಿರಿಯವನು. ಟಿಪ್ಪುವಿನ ಜೈಲಿನಲ್ಲಿದ್ದ, ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊರಬಂದು ಬಿದನೂರು ಸೀಮೆಯಲ್ಲಿ ದಂಡು ಕಟ್ಟಿದ, 1800ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಅವನನ್ನು ಕೊಂದಿತು. ಇಂಗ್ಲಿಷರಿಗೆ ದರೋಡೆಕೋರ, ಈಗ ಹಲವರಿಗೆ ಸ್ವಾತಂತ್ರ್ಯ ಹೋರಾಟಗಾರ. ಅವನ ಬಗ್ಗೆ ಸಿಗುವ ಕಾಗದ ಜಾಸ್ತಿ ಇಂಗ್ಲಿಷರದ್ದೇ. ಮಕ್ಕಳು ಮೂರನೇ ಕಾಲಂನಲ್ಲಿ ಈಗಲೇ ಒದ್ದಾಡುತ್ತಿದ್ದಾರೆ.