ಮಕ್ಕಳ ವಾರ್ಡಿನಲ್ಲಿ ಸಂಶೋಧನೆ: ‘ಬೇಡ’ ಅನ್ನಲು ದಾರಿ ಇರಲಿ

ಆಸ್ಪತ್ರೆಯಲ್ಲಿರುವ ಮಕ್ಕಳನ್ನು, ಅವರ ಅಪ್ಪ ಅಮ್ಮನನ್ನು ಮಾತಾಡಿಸಿ ಮಾಡುವ ಗುಣಾತ್ಮಕ ಸಂಶೋಧನೆಯ ಸಂಯೋಜನೆ ನನ್ನ ಕೆಲಸ. ಜ್ವರ ಎಷ್ಟು, ತೂಕ ಎಷ್ಟು ಅನ್ನುವ ಅಂಕಿ ನಮಗೆ ಬೇಕಿಲ್ಲ. ಪದೇ ಪದೇ ಅಡ್ಮಿಟ್ ಆಗುವ ಮಗುವಿಗೆ ದಿನ ಹೇಗೆ ಕಳೆಯುತ್ತದೆ, ಸೂಜಿ ಚುಚ್ಚುವ ಮುಂಚೆ ಯಾರು ಏನು ಹೇಳಿದರೆ ಸಮಾಧಾನ, ಶಾಲೆಗೆ ವಾಪಸ್ ಹೋದಾಗ ಏನಾಗುತ್ತದೆ, ಇಂಥದ್ದು ಬೇಕು. ಸಂದರ್ಶನ ಮಾಡುವವರು ಬೇರೆ. ಯಾರನ್ನು, ಯಾವಾಗ, ಎಲ್ಲಿ, ಯಾರ ಒಪ್ಪಿಗೆಯ ಮೇಲೆ ಅನ್ನುವುದೆಲ್ಲ ನನ್ನ ತಲೆನೋವು.

ಮಗುವಿನ ಹತ್ತಿರ ಹೋಗುವಷ್ಟರಲ್ಲಿ ಸಂಶೋಧನೆ ನೈತಿಕವಾಗಿ ಸರಿಯೇ ಅಂತ ನೋಡುವ ಎಥಿಕ್ಸ್ ಕಮಿಟಿ, ವಿಭಾಗದ ಮುಖ್ಯಸ್ಥರು, ವಾರ್ಡಿನ ಸಿಸ್ಟರ್, ಅಪ್ಪ ಅಮ್ಮ ಎಲ್ಲರೂ ‘ಆಗಲಿ’ ಅಂದಿರುತ್ತಾರೆ. ಇಷ್ಟು ಜನ ದೊಡ್ಡವರು ಒಪ್ಪಿದ ಮೇಲೆ 8 ವರ್ಷದ ಮಗು ಬೇಡ ಅನ್ನುವುದು ಹೇಗೆ ಹೇಳಿ? ವೈದ್ಯಕೀಯ ಸಂಶೋಧನೆಗೆ 1964ರಿಂದ ದಾರಿ ತೋರಿಸುತ್ತಿರುವ ಹೆಲ್ಸಿಂಕಿ ಘೋಷಣೆಯ ಈಗಿನ ರೂಪ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪೋಷಕರ ಸಹಿ ಇದ್ದರೂ, ಹೇಳುವ ಶಕ್ತಿ ಇರುವ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು, ಬೇಡ ಅಂದರೆ ಬಿಡಬೇಕು. ಮಕ್ಕಳ ಹಕ್ಕುಗಳ ಬಗ್ಗೆ 1989ರಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದದ 12ನೇ ವಿಧಿಯೂ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಿ ಅನ್ನುತ್ತದೆ. ಕಾಗದದಲ್ಲಿ ಇದೆಲ್ಲ ಸುಲಭ. ವಾರ್ಡಿನಲ್ಲಿ ಮಗು ಬಾಯಿಬಿಟ್ಟು ‘ಬೇಡ’ ಅನ್ನುವುದು ಕಡಿಮೆ. ಗೋಡೆ ಕಡೆ ತಿರುಗಿ ಮಲಗುತ್ತದೆ. ಎಲ್ಲದಕ್ಕೂ ‘ಹೂಂ’ ಅನ್ನುತ್ತದೆ. ಅಮ್ಮನ ಮುಖ ನೋಡುತ್ತದೆ.

ಅದಕ್ಕೇ ನಾವು ಒಂದು ಕೆಂಪು ಕಾರ್ಡ್ ಕೊಡುತ್ತೇವೆ. ತೋರಿಸಿದರೆ ಮಾತು ನಿಲ್ಲಬೇಕು, ಕಾರಣ ಕೇಳುವ ಹಾಗಿಲ್ಲ. ಕಾರ್ಡ್ ಕೈಗೆ ಕೊಟ್ಟರೆ ಮಾತ್ರ ಸಾಲದು. ಶುರುವಿಗೇ ಒಂದು ತಮಾಷೆಯ ಪ್ರಶ್ನೆ ಕೇಳಿ, ಅದಕ್ಕೆ ಕಾರ್ಡ್ ತೋರಿಸುವ ಆಟ ಆಡಿಸುತ್ತೇವೆ. ಒಂದು ಸಲ ದೊಡ್ಡವರ ಬಾಯಿ ಮುಚ್ಚಿಸಿ ನೋಡಿದ ಮಗುವಿಗೆ ಧೈರ್ಯ ಬರುತ್ತದೆ. ಕೆಲವರು ನಡುನಡುವೆ ಸುಮ್ನೆ ಪರೀಕ್ಷೆಗೆ ಅಂತ ತೋರಿಸುತ್ತಾರೆ. ತೋರಿಸಲಿ ಬಿಡಿ.

ಸಮಯ ಹೊಂದಿಸುವುದು ಇನ್ನೊಂದು ದೊಡ್ಡ ಕೆಲಸ. ರೌಂಡ್ಸ್ ಮುಗಿದಿರಬೇಕು, ಊಟದ ಹೊತ್ತಾಗಿರಬಾರದು, ಮತ್ತಿನ ಔಷಧಿ ಕೊಟ್ಟ ದಿನವಂತೂ ಬೇಡವೇ ಬೇಡ. ಕೀಮೋ ತೆಗೆದುಕೊಳ್ಳುವ ಮಕ್ಕಳಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಹಾಗಾಗಿ ಸ್ವಲ್ಪ ನೆಗಡಿ ಇದ್ದರೂ ಸಂದರ್ಶಕರು ರಜೆ ಹಾಕಬೇಕು. ಬಟ್ಟೆ ಗೊಂಬೆ ಒಂದನ್ನೇ ಹಾಸಿಗೆಯಿಂದ ಹಾಸಿಗೆಗೆ ಒಯ್ಯುವಂತಿಲ್ಲ. ಕ್ರೇಯಾನ್ ಡಬ್ಬಿ ಒಂದು ಮಗುವಿಗೆ ಒಂದು, ಅದು ಅವರಿಗೇ. ರೆಕಾರ್ಡರ್ ಪ್ರತಿ ಸಲ ಒರೆಸಬೇಕು. ನಳಿಕೆಯಲ್ಲಿ ಔಷಧಿ ಹನಿಸುವ ಇನ್‌ಫ್ಯೂಷನ್ ಪಂಪಿನ ಪಕ್ಕ ಮಾತ್ರ ಅದನ್ನು ಇಡಬೇಡಿ. ಆಮೇಲೆ ಕೇಳಿದರೆ ಬೀಪ್ ಬಿಟ್ಟು ಬೇರೇನೂ ಸಿಗಲ್ಲ. ಮನೆಗೆ ಹೋದ ಮಗುವಿನ ಪೋಷಕರಿಗೆ ಫೋನ್ ಮಾಡುವುದಿದ್ದರೆ, ಅದೇ ದಿನ ವಾರ್ಡಿನಲ್ಲಿ ವಿಚಾರಿಸದೆ ನಂಬರ್ ಒತ್ತುವಂತಿಲ್ಲ. ಮಗು ಈಗ ಹೇಗಿದೆ, ಇದೆಯೇ, ಅದು ಮೊದಲು ತಿಳಿಯಬೇಕು.

ಪೋಷಕರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಮಗುವಿಗೆ ಕಾಯಿಲೆ ಬಗ್ಗೆ ಏನು ಹೇಳಿದ್ದೀರಿ? ಕೆಲವರು ಹೆಸರೇ ಹೇಳಿರುವುದಿಲ್ಲ, ‘ರಕ್ತ ಕಡಿಮೆಯಾಗಿದೆ’ ಅಂದಿರುತ್ತಾರೆ. ಅವರು ಹೇಳಿದ್ದನ್ನು ನಮ್ಮ ಸಂದರ್ಶನ ಮುರಿಯಬಾರದು ಅಲ್ವಾ.

ಅಮ್ಮ ಪಕ್ಕದಲ್ಲಿದ್ದರೆ ಉತ್ತರ ಅಮ್ಮನದೇ ಆಗುತ್ತದೆ. ಹೊರಗೆ ಕಳಿಸಿದರೆ ಚಿಕ್ಕ ಮಗು ಹೆದರುತ್ತದೆ. ಇಬ್ಬರು ಸಂದರ್ಶಕರನ್ನು ಕಳಿಸಿ, ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲಿ ಅಮ್ಮನನ್ನೂ ಮಗುವನ್ನೂ ಒಂದೇ ಹೊತ್ತಿಗೆ ಬೇರೆ ಬೇರೆಯಾಗಿ ಮಾತಾಡಿಸುವುದು ನನಗೆ ಒಗ್ಗಿದ ದಾರಿ. ಹದಿಹರೆಯದವರಿಗೆ ಇದು ಆಗಲ್ಲ, ಅವರಿಗೆ ಬಾಗಿಲು ಹಾಕಿದ ಕೋಣೆಯೇ ಬೇಕು. ಚಿಕ್ಕವರಿಗೆ ಚಿತ್ರ ಬಿಡಿಸಲು ಹೇಳುತ್ತೇವೆ. ಆದರೆ ಕಪ್ಪು ಬಣ್ಣ ಬಳಿದಿದೆ, ಮಗುವಿಗೆ ದುಃಖವಿದೆ ಅಂತ ನಾವೇ ಅರ್ಥ ಹಚ್ಚುವಂತಿಲ್ಲ. ಡಬ್ಬಿಯಲ್ಲಿ ಆ ಬಣ್ಣ ಮೇಲಿದ್ದಿರಬಹುದು. ‘ಇದರಲ್ಲಿ ಏನಾಗ್ತಾ ಇದೆ?’ ಅಂತ ಮಗುವನ್ನೇ ಕೇಳಬೇಕು.

ಎಲ್ಲಕ್ಕಿಂತ ಕಷ್ಟ ಗುಟ್ಟಿನ ವಿಷಯ. ಮಗು ಮೆತ್ತಗೆ ‘ನಾನು ಮಾತ್ರೆ ಬಿಸಾಡ್ತೀನಿ’ ಅಂದರೆ? ಡಾಕ್ಟರಿಗೆ ಹೇಳಿದರೆ ನಂಬಿಕೆ ಹೋಯಿತು, ಹೇಳದಿದ್ದರೆ ಜೀವಕ್ಕೆ ಅಪಾಯ. ಆ ಹೊತ್ತಿನಲ್ಲಿ ಕೂತು ಯೋಚಿಸಲು ಆಗುವುದಿಲ್ಲ. ಯಾವುದನ್ನು ಹೇಳಲೇಬೇಕು, ಯಾರಿಗೆ, ಎಷ್ಟು ಬೇಗ ಅನ್ನುವುದನ್ನು ಡಾಕ್ಟರುಗಳ ಜೊತೆ ಮೊದಲೇ ಬರೆದಿಟ್ಟು, ಎಥಿಕ್ಸ್ ಕಮಿಟಿಗೂ ಕೊಡುತ್ತೇನೆ. ಮಗುವಿಗೂ ಶುರುವಿಗೇ ಹೇಳುತ್ತೇವೆ: ನಿನಗೆ ಪೆಟ್ಟಾಗುವಂಥದ್ದು ಏನಾದರೂ ಇದ್ದರೆ ನಾನು ಒಬ್ಬರಿಗೆ ಹೇಳಬೇಕಾಗುತ್ತದೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ. ಇದರಿಂದ ಕೆಲವು ಮಕ್ಕಳು ಕಡಿಮೆ ಮಾತಾಡಬಹುದು. ಪರವಾಗಿಲ್ಲ.

ಆಮೇಲಿನದು ಮೇಜಿನ ಕೆಲಸ. ಒಂದು ಗಂಟೆಯ ರೆಕಾರ್ಡಿಂಗ್ ಬರಹಕ್ಕಿಳಿಯಲು 4ರಿಂದ 6 ಗಂಟೆ ಹಿಡಿಯುತ್ತದೆ, ಮಕ್ಕಳದ್ದಾದರೆ ಇನ್ನೂ ಜಾಸ್ತಿ. ಮೌನವನ್ನೂ ಬರೆಯಬೇಕು, ಅಮ್ಮ ನಡುವೆ ಬಾಯಿ ಹಾಕಿದ್ದನ್ನೂ ಬರೆಯಬೇಕು. ಇಲ್ಲದಿದ್ದರೆ ಕೋಡಿಂಗ್, ಅಂದರೆ ಮಾತುಗಳನ್ನು ವಿಷಯವಾರು ಗುರುತು ಹಾಕಿ ವಿಂಗಡಿಸುವ ಹೊತ್ತಿಗೆ ಅಮ್ಮನ ಮಾತು ಮಗುವಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ವರದಿಗೆ 2007ರಲ್ಲಿ ಬಂದ ಕೋರೆಕ್ (COREQ) ಪಟ್ಟಿಯ, ಅಂದರೆ ಗುಣಾತ್ಮಕ ಸಂಶೋಧನೆಯ ವರದಿಯಲ್ಲಿ ಏನೇನಿರಬೇಕು ಅನ್ನುವ ಪಟ್ಟಿಯ, 32 ಅಂಶಗಳನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಅದನ್ನು ಕೊನೆಗೆ ತೆರೆಯುವವರೇ ಹೆಚ್ಚು. ಮೊದಲ ದಿನವೇ ತೆರೆದರೆ ಏನೇನು ಬರೆದಿಡಬೇಕು ಅನ್ನುವುದು ಗೊತ್ತಾಗುತ್ತದೆ.

ಅಪರೂಪದ ಕಾಯಿಲೆಯಾದರೆ ಹೆಸರು ತೆಗೆದರೂ ವಯಸ್ಸು, ಕಾಯಿಲೆ ಸೇರಿದರೆ ಯಾರೆಂದು ತಿಳಿದುಬಿಡುತ್ತದೆ. ‘6ರಿಂದ 9 ವರ್ಷ’ ಅಂತ ಬರೆದು ಸ್ವಲ್ಪ ಮಸುಕು ಮಾಡುತ್ತೇವೆ. ಮಕ್ಕಳಿಗೋ ತಮ್ಮ ಚಿತ್ರದ ಮೇಲೆ ಹೆಸರು ಇರಲೇಬೇಕು! ಮೂಲ ಚಿತ್ರ ಹೆಸರಿನ ಸಮೇತ ಅವರಿಗೇ ವಾಪಸ್. ನಮ್ಮ ಕಡತದಲ್ಲಿ ಹೆಸರಿಲ್ಲದ ನಕಲು.