ಪ್ರಸಂಗ ಓದಿಕೊಂಡು ಆಟಕ್ಕೆ ಹೋಗುವುದು: ನನ್ನ ಅನುಭವ

ಯಕ್ಷಗಾನದ ಆಟಕ್ಕೆ ಹೊರಡುವ ಮೊದಲು ಅಂದಿನ ಪ್ರಸಂಗವನ್ನು, ಅಂದರೆ ಅಂದು ಆಡುವ ಕಥೆಯ ಪದ್ಯಪಠ್ಯವನ್ನು, ಮೊದಲಿನಿಂದ ಕೊನೆಯವರೆಗೆ ಓದಿಕೊಂಡಿರಬೇಕು, ಸಾಧ್ಯವಾದರೆ ಆ ಪ್ರಸಂಗಕ್ಕೆ ಆಧಾರವಾದ ಹಳೆಯ ಕಾವ್ಯದ ಭಾಗವನ್ನೂ ನೋಡಿರಬೇಕು, ಆಮೇಲೆ ಆಟ ನಡೆಯುವ ಊರಿಗೇ ಹೋಗಿ ರಾತ್ರಿ ಕುಳಿತು ನೋಡಬೇಕು ಎಂಬುದು ಕೆಲವು ವರ್ಷಗಳಿಂದ ನಾನು ಇಟ್ಟುಕೊಂಡಿರುವ ಕ್ರಮ. ನಾನು ತುಮಕೂರು ಸೀಮೆಯವನು. ಓದು ಮುಗಿಸಿ ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದ್ದೇನೆ. ನಮ್ಮ ಕಡೆ ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯ ಇತ್ತು, ಹಿರಿಯರು ಅದರ ಕರಿಭಂಟನ ಕಾಳಗ ಪ್ರಸಂಗದ ಮಾತೆತ್ತಿದರೆ ಈಗಲೂ ಹುರುಪಿನಿಂದ ಹೇಳುತ್ತಾರೆ. ಆದರೆ ನಾನು ಬುದ್ಧಿ ತಿಳಿದ ಮೇಲೆ ಇಡೀ ರಾತ್ರಿಯ ಆಟವೆಂದು ನೋಡಿದ್ದು ಘಟ್ಟದ ಕೆಳಗೆ, ಕರಾವಳಿಯ ದಕ್ಷಿಣ ಭಾಗದ ಶೈಲಿಯಾದ ತೆಂಕುತಿಟ್ಟಿನ ಮೇಳಗಳಲ್ಲಿ. ನನ್ನ ವಯಸ್ಸಿನ ಅನೇಕರು ಇದು ಹೇಗೆ ಸಾಧ್ಯ, ಎಲ್ಲಿಂದ ಆರಂಭಿಸಬೇಕು ಎಂದು ಕೇಳುತ್ತಿರುವುದರಿಂದ ನಾನು ಮಾಡುತ್ತಿರುವುದನ್ನು ಇದ್ದಂತೆ ಬರೆಯುತ್ತಿದ್ದೇನೆ.

ಆರಂಭ ಪುಸ್ತಕದಿಂದ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಪಠ್ಯಪುಸ್ತಕಗಳ ನಡುವೆ ಒಮ್ಮೊಮ್ಮೆ ತೆಳುವಾದ ಪ್ರಸಂಗ ಪುಸ್ತಕಗಳು ಸಿಗುತ್ತವೆ. ಹೆಚ್ಚಿನವು ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನದವು. ಕಾಗದ ಕಂದಿರುತ್ತದೆ, ಮಡಿಸಿದರೆ ಮುರಿಯುತ್ತದೆ, ಹೊಲಿಗೆ ಸಡಿಲವಾಗಿರುತ್ತದೆ. ಅಂಗಡಿಗಳಲ್ಲಿ ಸಿಗದವನ್ನು ಯಕ್ಷಗಾನದ ಅಭಿಮಾನಿಗಳು ತಾವಾಗಿಯೇ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಈ ಕೆಲಸಕ್ಕೆ ಕೃತಜ್ಞತೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಮೂರನೆಯ ಮೂಲವೆಂದರೆ ಕರಾವಳಿಯ ಮನೆಗಳ ಕಪಾಟುಗಳು. ಅಲ್ಲಿಯ ಪ್ರತಿಗಳಲ್ಲಿ ಹಾಡಿ ಆಟ ನಡೆಸುವ ಹಿಂದಿನ ಭಾಗವತರೋ ಪಾತ್ರದ ಮಾತು ಹೇಳುವ ಅರ್ಥಧಾರಿಗಳೋ ಅಂಚಿನಲ್ಲಿ ಬರೆದ ಟಿಪ್ಪಣಿಗಳಿರುತ್ತವೆ, ಬಿಡಬೇಕಾದ ಪದ್ಯಗಳಿಗೆ ಗೆರೆ ಹೊಡೆದಿರುತ್ತದೆ. ಮನೆಯವರ ಅನುಮತಿ ಕೇಳಿ, ಪುಸ್ತಕವನ್ನು ಪೂರ್ತಿ ಅಗಲಿಸದೆ, ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದುಕೊಳ್ಳುತ್ತೇನೆ. ಪುಸ್ತಕವನ್ನು ಮಾತ್ರ ಎಂದೂ ಕೇಳಿಕೊಂಡು ತರುವುದಿಲ್ಲ.

ಪ್ರಸಂಗ ಪುಸ್ತಕವನ್ನು ಮೊದಲ ಸಲ ತೆರೆದವರಿಗೆ ಅದು ಅಪೂರ್ಣವೆಂದು ತೋರಬಹುದು. ನಾಟಕದ ಪುಸ್ತಕದಲ್ಲಿ ಇರುವಂತೆ ಇಲ್ಲಿ ಸಂಭಾಷಣೆ ಇಲ್ಲ. ಇರುವುದು ಹಾಡುಗಳು ಮತ್ತು ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳಗಳ ಹೆಸರು: ಝಂಪೆ, ಏಕ, ಅಷ್ಟ, ತ್ರಿವುಡೆ, ಮಟ್ಟೆ, ರೂಪಕ. ನಡುನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಎಂಬ ಛಂದಸ್ಸುಗಳ ಪದ್ಯಗಳು ಬರುತ್ತವೆ. ಮಾತೆಲ್ಲವನ್ನೂ ವೇಷಧಾರಿ ರಂಗದ ಮೇಲೆ ಆ ಕ್ಷಣಕ್ಕೆ ಕಟ್ಟಬೇಕು. ಹಾಗಾಗಿ ನಾನು ಮೊದಲ ಓದಿನಲ್ಲಿ ಕಥೆಯನ್ನಷ್ಟೇ ಹಿಡಿಯುತ್ತೇನೆ. ಎರಡನೆಯ ಓದಿನಲ್ಲಿ ಯಾವ ಪದ್ಯ ಯಾರ ಮಾತು, ಯಾರು ಯಾರನ್ನು ಕುರಿತು ಹೇಳುತ್ತಿದ್ದಾರೆ ಎಂದು ಪೆನ್ಸಿಲ್ಲಿನಿಂದ ಗುರುತು ಮಾಡುತ್ತೇನೆ. ಮೂರನೆಯದರಲ್ಲಿ ಗಟ್ಟಿಯಾಗಿ ಓದುತ್ತೇನೆ. ಗಟ್ಟಿಯಾಗಿ ಓದದೆ ಈ ಪುಸ್ತಕಗಳು ತೆರೆದುಕೊಳ್ಳುವುದಿಲ್ಲ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳು, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆಗಳು ಎಂಬುದನ್ನು ಶಾಲೆಯಲ್ಲಿ ಅಂಕಕ್ಕಾಗಿ ಕಲಿತಿದ್ದೆ. ಮೂರು, ನಾಲ್ಕು ಮಾತ್ರೆಗಳ ಆ ನಡೆ ಬಾಯಲ್ಲಿ ಕುಳಿತದ್ದು ಮಾತ್ರ ಪ್ರಸಂಗಗಳನ್ನು ಓದತೊಡಗಿದ ಮೇಲೆ. ತಾಳದ ಹಾಡುಗಳ ಸದ್ದಿನ ನಡುವೆ ಭಾಗವತರು ಭಾಮಿನಿಯನ್ನು ತಾಳವಿಲ್ಲದೆ ರಾಗದಲ್ಲೇ ಎಳೆದು ಹೇಳುವಾಗ ಕಥೆ ಒಂದು ಮಜಲು ದಾಟಿತೆಂದು ಈಗ ಕಿವಿಗೇ ತಿಳಿಯುತ್ತದೆ.

ಅಲ್ಲಿಂದ ಕಾವ್ಯದ ಕಡೆಗೆ ಹೋಗುವುದು ಸಹಜವಾಗಿ ಆಗುತ್ತದೆ. ರಾಮಾಯಣದ ಪ್ರಸಂಗಗಳಿಗೆ ತೊರವೆ ರಾಮಾಯಣ, ಮಹಾಭಾರತದ ಪ್ರಸಂಗಗಳಿಗೆ ಕುಮಾರವ್ಯಾಸ, ಚಂದ್ರಹಾಸನ ಕಥೆಗೆ ಲಕ್ಷ್ಮೀಶನ ಜೈಮಿನಿ ಭಾರತ ಬೆನ್ನಿಗಿವೆ. ಇಡೀ ಕಾವ್ಯವನ್ನು ಒಮ್ಮೆಗೇ ಓದಲು ಹೋಗಬೇಡಿ ಎಂದು ನನ್ನ ಗೆಳೆಯರಿಗೆ ಹೇಳುತ್ತೇನೆ. ಮುಂದಿನ ಶನಿವಾರ ವಾಲಿಸಂಹಾರ ಇದ್ದರೆ ತೊರವೆಯಲ್ಲಿ ಕಿಷ್ಕಿಂಧೆಯ ಭಾಗವನ್ನಷ್ಟೇ ಓದಿದರೆ ಸಾಕು. ಕಾಲೇಜಿನ ದಿನಗಳಲ್ಲಿ ನಡುಗನ್ನಡ ಕಾವ್ಯ ನನ್ನಿಂದಾಗದು ಎಂದು ಬಿಟ್ಟಿದ್ದ ಗೆಳತಿಯೊಬ್ಬಳು ಹೀಗೆ ಆಟದ ನೆಪದಲ್ಲಿ ತುಂಡುತುಂಡಾಗಿ ಓದುತ್ತ ಈಗ ಕರ್ಣಪರ್ವವನ್ನು ಪೂರ್ತಿ ಮುಗಿಸಿದ್ದಾಳೆ.

ಆಟಗಳ ತಿರುಗಾಟದ ಕಾಲ ದೀಪಾವಳಿಯ ನಂತರ ತೊಡಗಿ ತುಳುನಾಡಿನ ಪತ್ತನಾಜೆಯ ದಿನದವರೆಗೆ, ಅಂದರೆ ಮೇ ತಿಂಗಳ 24 ಅಥವಾ 25ರ ವರೆಗೆ. ಕಟೀಲು, ಧರ್ಮಸ್ಥಳ, ಉತ್ತರದ ಶೈಲಿಯಾದ ಬಡಗಿನಲ್ಲಿ ಮಂದಾರ್ತಿ ಮುಂತಾದ ಮೇಳಗಳು ಹರಕೆಯ ಆಟಗಳನ್ನು ಆಡುತ್ತವೆ. ಆಟ ಆಡಿಸುವವರು ಒಂದು ಮನೆಯವರೋ ಊರಿನ ಹತ್ತು ಸಮಸ್ತರೋ ಆಗಿರುತ್ತಾರೆ, ನೋಡುವವರಿಗೆ ಟಿಕೆಟ್ ಇಲ್ಲ. ಯಾವ ಮೇಳ ಎಲ್ಲಿ, ಏನು ಪ್ರಸಂಗ ಎಂಬುದು ಕರಾವಳಿಯ ದಿನಪತ್ರಿಕೆಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಬರುತ್ತದೆ. ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು, ಹಗಲು ಯಾವುದಾದರೂ ಗ್ರಂಥಾಲಯವನ್ನೋ ಪರಿಚಿತರ ಮನೆಯನ್ನೋ ನೋಡಿ, ಸಂಜೆಗೆ ಆಟದ ಬಯಲು ಸೇರುವುದು ನನ್ನ ರೂಢಿ. ಹಗಲು ಬಿಡುವಿದ್ದರೆ ರೈಲನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ 57 ಸುರಂಗಗಳನ್ನು ದಾಟುವ ಆ ಹಾದಿಯಲ್ಲಿ ರೈಲು ಎಷ್ಟು ನಿಧಾನವಾಗಿ ಇಳಿಯುತ್ತದೆಂದರೆ ಕಾವ್ಯದ ಒಂದು ಸಂಧಿಯನ್ನು ಓದಿ ಮುಗಿಸಬಹುದು. ಉಡುಪಿಗೆ ಹೋದಾಗ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವನ್ನು ನೋಡದೆ ಬರಬೇಡಿ. ಪೈಗಳ ಸ್ವಂತ ಪುಸ್ತಕಗಳ ಸಂಗ್ರಹ ಅಲ್ಲಿದೆ.

ಆಟದ ಬಯಲಿಗೆ ಬೇಗ ಹೋಗಬೇಕು. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಗಣಪತಿಯ ಪೂಜೆ ಆಗುವ ಹೊತ್ತಿಗೆ ಅಲ್ಲಿದ್ದು, ಹಿರಿಯ ಕಲಾವಿದರೊಬ್ಬರಲ್ಲಿ ವಿನಯದಿಂದ ಕೇಳಿಕೊಂಡರೆ, ಒಂದು ಬದಿಯಲ್ಲಿ ಕುಳಿತು ಬಣ್ಣ ಹಾಕುವುದನ್ನು ನೋಡಲು ಸಾಮಾನ್ಯವಾಗಿ ಬಿಡುತ್ತಾರೆ. ದೇವಿಮಹಾತ್ಮೆಯ ಮಹಿಷಾಸುರನ ವೇಷ ಸಿದ್ಧವಾಗುವುದನ್ನು ನಾನು ಹೀಗೆಯೇ ನೋಡಿದೆ. ಬೆಳ್ತಿಗೆ ಅಕ್ಕಿಯ ಹಿಟ್ಟಿಗೆ ಸುಣ್ಣ ಬೆರೆಸಿದ ಅಂಟನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಮೊದಲೇ ಬರೆದ ಗೆರೆಯ ಗುಂಟ ಒಂದೊಂದೇ ಚುಕ್ಕಿಯನ್ನು ಇಡುತ್ತಾರೆ; ಇದಕ್ಕೆ ಚಿಟ್ಟಿ ಇಡುವುದು ಎನ್ನುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಳು ಕಳೆದಂತೆ ಆ ಚುಕ್ಕಿಗಳು ಮುಳ್ಳುಗಳಾಗಿ ಎದ್ದುನಿಲ್ಲುತ್ತವೆ, ಎದುರಿಗೆ ಕುಳಿತ ಮನುಷ್ಯನ ಮುಖ ಹಂತಹಂತವಾಗಿ ಮರೆಯಾಗುತ್ತದೆ. ಅಷ್ಟು ಹೊತ್ತೂ ಆ ಕಲಾವಿದರು ಕನ್ನಡಿ ಬಿಟ್ಟು ಬೇರೆಡೆ ನೋಡಲಿಲ್ಲ. ಆಮೇಲೆ ಮಹಿಷ ಬರುವುದು ರಂಗಸ್ಥಳದ ಹಿಂದಿನಿಂದಲ್ಲ. ದೂರದಿಂದ, ದೊಂದಿಗಳ ಬೆಂಕಿಯ ನಡುವೆ, ಜನರನ್ನು ಸೀಳಿಕೊಂಡು. ಪುಸ್ತಕದಲ್ಲಿ ಮಹಿಷನ ಪ್ರವೇಶಕ್ಕೆ ಇರುವುದು ಕೆಲವೇ ಸಾಲುಗಳು. ಆ ಸಾಲುಗಳನ್ನು ಓದಿಕೊಂಡು ಹೋಗಿದ್ದರಿಂದಲೇ, ಚೆಂಡೆಯೂ ಬೆಂಕಿಯೂ ಕೂಗೂ ಸೇರಿ ಪದ್ಯವನ್ನು ಎಷ್ಟು ದೂರ ಕೊಂಡೊಯ್ದವು ಎಂಬುದು ನನಗೆ ಕಂಡಿತು.

ಮಾತಿನ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚು. ವಾಲಿಸಂಹಾರದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗವಿದೆ. ಮರೆಯಲ್ಲಿ ನಿಂತು ಹೊಡೆದುದೇಕೆ, ನನ್ನಿಂದ ನಿನಗಾದ ಅಪರಾಧವೇನು ಎಂಬ ಅಷ್ಟೇ ಅರ್ಥದ ಪದ್ಯಗಳು ಪುಸ್ತಕದಲ್ಲಿ ಒಂದೆರಡು ಪುಟದೊಳಗೆ ಮುಗಿಯುತ್ತವೆ. ನಾನು ನೋಡಿದ ಆಟದಲ್ಲಿ ವಾಲಿಯ ಪಾತ್ರಧಾರಿ ಒಂದು ಪದ್ಯದ ಮೇಲೆ ನಿಂತು, ರಾಜಧರ್ಮದಿಂದ ತೊಡಗಿ, ಬೇಟೆಯ ನ್ಯಾಯಕ್ಕೆ ಬಂದು, ತಮ್ಮನನ್ನು ಕಾಡಿಗಟ್ಟಿದ ತನ್ನ ತಪ್ಪನ್ನೂ ತಾನೇ ಎತ್ತಿಕೊಂಡು, ಕೊನೆಗೆ ಮತ್ತೆ ಮೊದಲ ಪ್ರಶ್ನೆಗೇ ಮರಳಿದರು. ರಾಮ ಉತ್ತರಿಸುವಾಗ ದನಿ ಏರಿಸಲೇ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಮಡಿಲಲ್ಲಿದ್ದ ಪುಸ್ತಕವನ್ನು ಗಮನಿಸಿ, "ಇಡೀ ಪುಸ್ತಕ ಹೇಳ್ಲಿಕ್ಕೆ ಕೂತ್ರೆ ಎರಡು ರಾತ್ರಿ ಬೇಕು ಮಾರಾಯ್ರೆ, ಯಾವ ಪದ್ಯ ಬಿಡ್ಬೇಕೂಂತ ಗೊತ್ತಿರುವವನೇ ಭಾಗವತ" ಎಂದರು. ಅಂದಿನಿಂದ ಪ್ರತಿ ಆಟದಲ್ಲಿ ಭಾಗವತರು ಬಿಟ್ಟ ಪದ್ಯಗಳಿಗೆ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಡುತ್ತೇನೆ. ಒಂದೇ ಪ್ರಸಂಗವನ್ನು ಬೇರೆ ಬೇರೆ ಮೇಳಗಳಲ್ಲಿ ನೋಡಿ ಆ ಚುಕ್ಕಿಗಳನ್ನು ಹೋಲಿಸಿದಾಗ, ಒಬ್ಬೊಬ್ಬ ಭಾಗವತರಿಗೆ ಕಥೆಯ ಒತ್ತು ಎಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಈ ಅಭ್ಯಾಸದಿಂದ ನನಗೆ ಸಿಕ್ಕಷ್ಟು ತಿಳಿವಳಿಕೆ ಯಾವ ಪರಿಚಯ ಲೇಖನದಿಂದಲೂ ಸಿಕ್ಕಿಲ್ಲ.

ವಾಲಿಸಂಹಾರ, ಪಂಚವಟಿ, ಅಂಗದಸಂಧಾನಗಳನ್ನು ಬರೆದವನು ಪಾರ್ತಿಸುಬ್ಬ ಎಂದು ಪರಂಪರೆ ಹೇಳುತ್ತದೆ. ಹಾಡುಗಳಲ್ಲಿ ಕಣ್ವಪುರದ, ಅಂದರೆ ಕುಂಬಳೆಯ ಕಣಿಪುರದ, ಕೃಷ್ಣನ ಹೆಸರು ಬರುವುದನ್ನು ಕಂಡು ಒಂದು ಚಳಿಗಾಲದಲ್ಲಿ ಕುಂಬಳೆಗೆ ಹೋದೆ. ಮಂಗಳೂರಿನಿಂದ ಕಾಸರಗೋಡಿನ ಕಡೆಗೆ ಹೋಗುವ ರೈಲಿನಲ್ಲಿ ಮಂಜೇಶ್ವರ, ಉಪ್ಪಳ ದಾಟಿದರೆ ಕುಂಬಳೆ. ನಿಲ್ದಾಣದಿಂದ ಕಣಿಪುರದ ಗೋಪಾಲಕೃಷ್ಣ ದೇವಸ್ಥಾನಕ್ಕೆ ಹೆಚ್ಚು ದೂರವಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ಈ ನೆಲ ಕೇರಳಕ್ಕೆ ಸೇರಿತು. ಕನ್ನಡದ ಯಕ್ಷಗಾನಕ್ಕೆ ಅತಿ ಮುಖ್ಯವಾದ ಊರುಗಳಲ್ಲಿ ಒಂದು ಇಂದು ಕರ್ನಾಟಕದ ಹೊರಗಿದೆ ಎಂಬುದು ಅಲ್ಲಿ ನಿಂತಾಗ ಮನಸ್ಸಿಗೆ ನಾಟುತ್ತದೆ. ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆದಿದೆ. ಶಿವರಾಮ ಕಾರಂತರು ಪಾರ್ತಿಸುಬ್ಬನ ಕರ್ತೃತ್ವವನ್ನು ಪ್ರಶ್ನಿಸಿದರು, ಕುಕ್ಕಿಲ ಕೃಷ್ಣ ಭಟ್ಟರು ಅವನ ಪರವಾಗಿ ನಿಂತರು. 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾರಂತರ ‘ಯಕ್ಷಗಾನ ಬಯಲಾಟ’ವನ್ನು ಆಸಕ್ತರು ಓದಲೇಬೇಕು. ಈ ವಾದದಲ್ಲಿ ತೀರ್ಪು ಕೊಡುವಷ್ಟು ಓದು ನನ್ನದಲ್ಲ. ಆದರೆ ಹಾಡಿನೊಳಗೆ ಕಂಡ ದೇವರನ್ನು ಅವನ ಊರಿನಲ್ಲೇ ನೋಡಿ ಬಂದ ಮೇಲೆ ಆ ಪ್ರಸಂಗಗಳನ್ನು ಓದುವಾಗ ಒಂದು ನೆಲ ಕಣ್ಣೆದುರಿಗೆ ಇರುತ್ತದೆ.

ಮಳೆಗಾಲದಲ್ಲಿ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ತಾಳಮದ್ದಳೆಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತಿನಲ್ಲೇ ಪ್ರಸಂಗವನ್ನು ಕಟ್ಟುತ್ತಾರೆ. ಪುಸ್ತಕದಿಂದ ಬಂದ ನನ್ನಂಥವರಿಗೆ ಮೊದಲು ಒಗ್ಗುವುದು ಇದೇ ಇರಬಹುದೆಂದು ನನಗೆ ಅನಿಸುತ್ತದೆ. ಬೆಂಗಳೂರಿನಲ್ಲೂ ಆಗಾಗ ಕೂಟಗಳು ಏರ್ಪಡುವುದರಿಂದ, ದೂರ ಹೋಗಲಾಗದವರು ಕೃಷ್ಣಸಂಧಾನದಂಥ ಒಂದು ಸಂವಾದಪ್ರಧಾನ ಪ್ರಸಂಗವನ್ನು ಓದಿಕೊಂಡು ಇಲ್ಲಿಂದಲೇ ಆರಂಭಿಸಬಹುದು.

ಪುಸ್ತಕಗಳ ರಕ್ಷಣೆಗೆ ನಾನು ಮಾಡುವುದು ಇಷ್ಟೇ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸುವುದಿಲ್ಲ, ಏಕೆಂದರೆ ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರಗಳನ್ನೂ ಕೆಡಿಸುತ್ತದೆ. ಆಟಕ್ಕೆ ಮೂಲ ಪ್ರತಿಯನ್ನು ಒಯ್ಯುವುದಿಲ್ಲ. ಡಿಸೆಂಬರಿನ ರಾತ್ರಿಯ ಮಂಜು ಕಾಗದಕ್ಕೆ ಒಳ್ಳೆಯದಲ್ಲ. ಜೆರಾಕ್ಸ್ ಪ್ರತಿಯನ್ನು ನೋಟುಪುಸ್ತಕದ ಅಳತೆಗೆ ಹೊಲಿಸಿಕೊಂಡು ಅದರ ಎಡಬದಿಯ ಖಾಲಿ ಹಾಳೆಯಲ್ಲಿ ಆಟದ ತಾರೀಕು, ಊರು, ಮೇಳ, ಭಾಗವತರ ಹೆಸರು, ಬಿಟ್ಟ ಪದ್ಯಗಳು, ಮರೆಯಬಾರದೆನಿಸಿದ ಅರ್ಥದ ಎಳೆಗಳನ್ನು ಬರೆಯುತ್ತೇನೆ. ಧ್ವನಿಮುದ್ರಣ ಮಾಡಬೇಕೆನಿಸಿದರೆ ಮೇಳದವರನ್ನು ಕೇಳದೆ ಮಾಡುವುದಿಲ್ಲ.

ಈ ಸಲದ ತಿರುಗಾಟ ತೊಡಗುವುದರೊಳಗೆ ಜೈಮಿನಿ ಭಾರತದ ಚಂದ್ರಹಾಸನ ಭಾಗವನ್ನು ಮುಗಿಸಬೇಕೆಂದಿದ್ದೇನೆ. ಲಕ್ಷ್ಮೀಶ ಅದನ್ನು ವಾರ್ಧಕದಲ್ಲಿ ಬರೆದಿದ್ದಾನೆ; ಐದು ಮಾತ್ರೆಗಳ ಆ ಓಟಕ್ಕೆ ನನ್ನ ನಾಲಿಗೆ ಇನ್ನೂ ಒಗ್ಗಿಲ್ಲವಾದ್ದರಿಂದ ದಿನಕ್ಕೆ ನಾಲ್ಕೈದು ಪದ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದೇನೆ. ನವೆಂಬರಿನಲ್ಲಿ ಬಡಗಿನ ಮೇಳವೊಂದರಲ್ಲಿ ಚಂದ್ರಹಾಸ ಚರಿತ್ರೆ ಸಿಕ್ಕಿದರೆ ಮೊದಲು ಅದನ್ನು ನೋಡಿ, ಆಮೇಲೆ ತೆಂಕಿನಲ್ಲಿ ಅದೇ ಪ್ರಸಂಗವನ್ನು ನೋಡುವ ಯೋಚನೆಯಿದೆ. ಮಂತ್ರಿ ದುಷ್ಟಬುದ್ಧಿಯ ಪಾತ್ರವನ್ನು ಎರಡು ತಿಟ್ಟಿನವರು ಹೇಗೆ ನಡೆಸುತ್ತಾರೆಂಬುದನ್ನು ಬರೆದುಕೊಳ್ಳಲು ನೋಟುಪುಸ್ತಕದಲ್ಲಿ ಎದುರುಬದುರು ಹಾಳೆಗಳನ್ನು ಈಗಾಗಲೇ ಬಿಟ್ಟಿಟ್ಟಿದ್ದೇನೆ.